ಪರದೆ ಎಚ್ಚರ ಸಮಿತಿ

ತೂಕ ಮತ್ತು ಅಳತೆ ಕಚೇರಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದು ಅಪ್‌ಡೇಟ್ ಆಗಲು ಬೇಕಾದ ಸಮಯ ಏಳು ಗಂಟೆ. ಯಾರೂ ಮುಟ್ಟದಿದ್ದರೆ ಅದರ ಪರದೆ ಕಪ್ಪಾಗಲು ಬೇಕಾದ ಸಮಯ ಹತ್ತು ನಿಮಿಷ. ಈ ಸಂಗತಿಗಳನ್ನು ಕಚೇರಿಯ ಸಮಸ್ತರೂ ಓದಿ, ಒಪ್ಪಿ, ಸಹಿ ಹಾಕಿರುವುದರಿಂದ ಇವುಗಳ ಬಗ್ಗೆ ತಕರಾರಿಲ್ಲ.

ತಕರಾರು ಹುಟ್ಟಿದ್ದು ಕಾವಲುಗಾರನಿಂದ ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ಅದು ಅನ್ಯಾಯದ ಮಾತು. ವಿದ್ಯುತ್ ಉಳಿತಾಯದ ಸುತ್ತೋಲೆಯ ಪ್ರಕಾರ ಅವನು ಕೋಣೆ ಕೋಣೆ ಸುತ್ತಿ, ಬೆಳಕಿಲ್ಲದ ಯಾವ ಯಂತ್ರ ಕಂಡರೂ ಅದರ ಪ್ಲಗ್ ಕಿತ್ತು ಪುಸ್ತಕದಲ್ಲಿ ಬರೆಯಬೇಕು. ಅವನು ಕಿತ್ತ, ಬರೆದ. ಹೋದ ವರ್ಷ ಇದೇ ಕೆಲಸಕ್ಕೆ ಅವನಿಗೆ ಪ್ರಶಸ್ತಿ ಪತ್ರ ಬಂದಿದೆ. ಹೊಲದಲ್ಲಿ ಕಳೆ ಕೀಳುವವರು ಸಹ ಅಷ್ಟು ಶ್ರದ್ಧೆಯಿಂದ ಕೀಳುವುದಿಲ್ಲ.

ಹೀಗೆ ಅಪ್‌ಡೇಟು ಮೂರು ಸಲ ಶುರುವಾಯಿತು. ಮೂರು ಸಲವೂ ಪರದೆ ಕಪ್ಪಾಯಿತು, ಪ್ಲಗ್ ಈಚೆಗೆ ಬಂತು, ಕಂಪ್ಯೂಟರು ಸೊನ್ನೆಗೆ ವಾಪಸಾಗಿ ಏನೂ ಆಗಿಲ್ಲವೆಂಬಂತೆ ಕೂತಿತು.

ಇದರಿಂದ ಹೊಟ್ಟೆ ಉರಿದದ್ದು ಆಪರೇಟರಮ್ಮನಿಗೆ ಮಾತ್ರ. ಅವಳಿಗೆ ಮದುವೆಯಾಗಿ ಮೂರು ವರ್ಷ. ಗಂಡ ಇದೇ ಇಲಾಖೆಯಲ್ಲಿ ಗುಮಾಸ್ತ, ಆದರೆ ಬೇರೆ ಊರಿನ ಕಚೇರಿಯಲ್ಲಿ. ಬಸ್ಸಿನಲ್ಲಿ ಹನ್ನೊಂದು ಗಂಟೆ ದಾರಿ. ಆ ಊರಿಗೆ ವರ್ಗಾವಣೆ ಕೊಡಿ ಎಂದು ಅವಳು ಹಾಕಿದ ಅರ್ಜಿಗಳ ಕಟ್ಟನ್ನು ಸಹೋದ್ಯೋಗಿಗಳು ಒಂದು ದಿನ ತಕ್ಕಡಿಗೆ ಹಾಕಿ ನೋಡಿದ್ದರು. ಒಂದು ಕಿಲೋ ಎಂಟುನೂರು ಗ್ರಾಂ ತೂಗಿತ್ತು. ಕೊನೆಗೂ ಆದೇಶ ಬಂತು. ಬಂದರೇನು, ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿಂದ ಬಿಡುಗಡೆ ಪತ್ರ ಸಿಕ್ಕರೆ ತಾನೇ ಅಲ್ಲಿ ಹಾಜರಾಗುವುದು? ಪತ್ರ ಕಂಪ್ಯೂಟರಿನಿಂದಲೇ ಹೊರಡಬೇಕು. ಅಪ್‌ಡೇಟ್ ಮುಗಿಯದೆ ಅದು ಒಂದು ಪತ್ರವನ್ನೂ ಕೊಡುವುದಿಲ್ಲ.

"ಕೈಯಲ್ಲೇ ಬರೆದುಕೊಡಿ ಸಾರ್," ಎಂದು ಸಾಹೇಬರನ್ನು ಕೇಳಿದಳು.

"ಕೈಬರಹ ರದ್ದಾಗಿ ಆರು ವರ್ಷ ಆಯ್ತಲ್ಲಮ್ಮ," ಎಂದರು ಸಾಹೇಬರು, ಹಾಜರಿ ಪುಸ್ತಕದಲ್ಲಿ ಕೈಯಲ್ಲೇ ಬರೆಯುತ್ತ.

"ಹಾಗಾದ್ರೆ ಪ್ಲಗ್ ಕೀಳಬೇಡ ಅಂತ ಅವನಿಗಾದ್ರೂ ಹೇಳಿ."

"ಪ್ರಶಸ್ತಿ ಬಂದವನಿಗೆ ನಾನು ಬುದ್ಧಿ ಹೇಳ್ಲಾ? ನನಗೇ ಇನ್ನೂ ಒಂದೂ ಬಂದಿಲ್ಲ."

ಆಪರೇಟರಮ್ಮನಿಗೆ ಮದ್ದು ಗೊತ್ತಿತ್ತು. ಸೆಟ್ಟಿಂಗ್ಸ್ ತೆರೆದಳು. ಪರದೆ ಯಾವಾಗ ಆರಬೇಕು ಎಂಬಲ್ಲಿ ಇದ್ದ 'ಹತ್ತು ನಿಮಿಷ'ವನ್ನು ತೆಗೆದು 'ಎಂದಿಗೂ ಬೇಡ' ಎಂದು ಒತ್ತಿದಳು. ಅರ್ಧ ನಿಮಿಷದ ಕೆಲಸ. ಅಪ್‌ಡೇಟ್ ಶುರು ಮಾಡಿ, ಹೂವಿನಷ್ಟು ಹಗುರಾಗಿ ಊಟಕ್ಕೆ ಹೋದಳು.

ಕಾವಲುಗಾರ ಬಂದು ಪರದೆಯ ಮುಂದೆ ನಿಂತ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮುಖ ಗಂಭೀರ ಮಾಡಿಕೊಂಡು ಸಾಹೇಬರ ಕೋಣೆಗೆ ನಡೆದ.

"ಸಾಹೇಬ್ರೆ, ಕಂಪ್ಯೂಟ್ರು ಕೆಟ್ಟೋಗಿದೆ. ಕಪ್ಪಾಗ್ತಾನೇ ಇಲ್ಲ."

ಮೂವರು ಬಂದು ಪರಿಶೀಲಿಸಿದರು. 'ಯಂತ್ರವು ನಿಗದಿತ ಸಮಯಕ್ಕೆ ಕಪ್ಪಾಗುವಲ್ಲಿ ವಿಫಲವಾಗಿರುವುದು ಕಂಡುಬಂದಿದೆ' ಎಂದು ವರದಿಯಾಯಿತು. ಯಂತ್ರವನ್ನು ನಿಲ್ಲಿಸಿ, ಹಳೆಯ ಹತ್ತು ನಿಮಿಷವನ್ನೇ ತಂದು ಕೂರಿಸಿದರು. ಆಪರೇಟರಮ್ಮನಿಗೆ ನೋಟಿಸು ಬಂತು: 'ಅರ್ಧ ನಿಮಿಷದಲ್ಲಿ ಆಗುವ ಕೆಲಸವನ್ನು ತಾವು ಅರ್ಧ ನಿಮಿಷದಲ್ಲೇ ಮಾಡಿ ಮುಗಿಸಿರುವುದು ಏಕೆ ಎಂಬುದಕ್ಕೆ ಮೂರು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.'

ಅವಳು ಕ್ಷಮೆ ಕೇಳಿದಳು. ಸಾಹೇಬರು ದೊಡ್ಡ ಮನಸ್ಸಿನವರು. ಸಮಸ್ಯೆ ಇರುವುದು ನಿಜವೆಂದು ಒಪ್ಪಿ, ತಮ್ಮ ಅಧ್ಯಕ್ಷತೆಯಲ್ಲೇ ಒಂದು ಸಮಿತಿ ರಚಿಸಿದರು. ಗೋಡೆಗೆ ಪ್ರಕಟಣೆ ಅಂಟಿತು:

'ಅಪ್‌ಡೇಟ್ ಅವಧಿಯಲ್ಲಿ ಪರದೆ ಕಪ್ಪಾಗದಂತೆ ಪ್ರತಿ ಒಂಬತ್ತು ನಿಮಿಷಕ್ಕೊಮ್ಮೆ ಮೌಸನ್ನು ಸರಿಸತಕ್ಕದ್ದು. ಸರಿಸುವ ದೂರ ಎರಡು ಸೆಂಟಿಮೀಟರಿಗೆ ಕಡಿಮೆ ಇರಕೂಡದು, ಐದನ್ನು ಮೀರಕೂಡದು. ದೂರವನ್ನು ಈ ಕಚೇರಿಯ ಮುದ್ರೆಯಿರುವ ಅಳತೆಪಟ್ಟಿಯಿಂದಲೇ ಅಳೆಯತಕ್ಕದ್ದು. ಬಲಕ್ಕೆ ಸರಿಸಿದವರೇ ಎಡಕ್ಕೂ ಸರಿಸುವುದು ಅಕ್ರಮಕ್ಕೆ ಎಡೆಮಾಡುವುದರಿಂದ, ಎಡಕ್ಕೆ ಬೇರೊಬ್ಬರನ್ನು ನೇಮಿಸತಕ್ಕದ್ದು. ಒಂದು ದಿನ ಸರಿಸಿದವರಿಗೆ ಒಂದು ದಿನ ಬದಲಿ ರಜೆ. ಮೇಲ್ವಿಚಾರಣೆ ಮಾಡಿದವರಿಗೆ ಎರಡು.'

ಮೇಲ್ವಿಚಾರಣೆ ಸಾಹೇಬರದು.

ಬದಲಿ ರಜೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಚೇರಿಗೆ ಜೀವ ಬಂತು. ಅಷ್ಟು ವರ್ಷ ಕಂಪ್ಯೂಟರಿನ ಕಡೆ ಬೆನ್ನು ಹಾಕಿ ಕೂತಿದ್ದ ಹಿರಿಯ ಗುಮಾಸ್ತರು ಕುರ್ಚಿ ತಿರುಗಿಸಿದರು. ಜೀಪಿಗೆ ಚಕ್ರವಿಲ್ಲದೆ ನಾಲ್ಕು ವರ್ಷದಿಂದ ಕೂತಿದ್ದ ಡ್ರೈವರ್, 'ಎಡಕ್ಕೂ ಬಲಕ್ಕೂ ತಿರುಗಿಸುವುದರಲ್ಲಿ ಇಪ್ಪತ್ತು ವರ್ಷದ ಅನುಭವವಿದೆ' ಎಂದು ಅರ್ಜಿ ಕೊಟ್ಟ.

ಆದರೆ ಅಪ್‌ಡೇಟ್ ಮುಗಿದರೆ ರಜೆಯೂ ಮುಗಿಯುತ್ತದೆ ಎಂಬುದನ್ನು ಅರಿಯಲು ಯಾರಿಗೂ ತರಬೇತಿ ಬೇಕಾಗಲಿಲ್ಲ. ತೊಂಬತ್ತಾರು ಪರ್ಸೆಂಟಿಗೆ ಬಂದಾಗ ಹಿರಿಯ ಗುಮಾಸ್ತರು ಎದ್ದು ಹೋದರು. ಪರದೆ ಕಪ್ಪಾಯಿತು. ಕಾವಲುಗಾರ ಬಂದ.

"ಏನ್ ಸಾರ್, ತೊಂಬತ್ತಾರಕ್ಕೆ ಬಂದಿತ್ತಲ್ಲ," ಎಂದಳು ಆಪರೇಟರಮ್ಮ. ಕಣ್ಣಲ್ಲಿ ನೀರಾಡುತ್ತಿತ್ತು.

"ಹೊಟ್ಟೆನೋವು ಪರ್ಸೆಂಟ್ ನೋಡ್ಕೊಂಡು ಬರುತ್ತೇನಮ್ಮ?"

"ಹೋದ ವಾರ ಡ್ರೈವರಣ್ಣನಿಗೆ ತೊಂಬತ್ತೈದಕ್ಕೇ ಬಂತು."

"ಅವನಿನ್ನೂ ಹುಡುಗ. ತಡ್ಕೊಳೋ ಶಕ್ತಿ ಕಮ್ಮಿ."

ಅವಳು ಮೇಲಿನ ಕಚೇರಿಗೆ ಇನ್ನೊಂದು ಅರ್ಜಿ ಬರೆದಳು. ಗಂಡನ ಮುಖ ನೋಡಿ ಐದು ತಿಂಗಳಾಯಿತು, ದಯಮಾಡಿ ಏನಾದರೂ ಮಾಡಿ ಎಂದಳು. ಮೇಲಿನ ಕಚೇರಿಗೆ ಕರುಣೆ ಬಂತು. ಪತಿ-ಪತ್ನಿ ಪ್ರಕರಣವೆಂದು ವಿಶೇಷವಾಗಿ ಪರಿಗಣಿಸಿ, ಪತ್ನಿಯನ್ನು ಬಿಡುಗಡೆ ಮಾಡಲು ಸಾಧ್ಯವಾಗದ ಕಾರಣ ಪತಿಯನ್ನೇ ಇಲ್ಲಿಗೆ ವರ್ಗಾಯಿಸಿತು. ಅವಳ ಹಳೆಯ ವರ್ಗಾವಣೆಯನ್ನು ರದ್ದುಪಡಿಸಲಿಲ್ಲ. ರದ್ದತಿಯನ್ನೂ ಈ ಕಂಪ್ಯೂಟರಿನಲ್ಲೇ ದಾಖಲಿಸಬೇಕಿತ್ತು.

ಗಂಡ ಒಂದು ಸೂಟ್‌ಕೇಸು, ಒಂದು ದಿಂಬು ಹಿಡಿದು ಬಂದ. ಸಾಹೇಬರ ಮುಂದೆ ಕೈಕಟ್ಟಿ ನಿಂತ.

"ಹಾಜರಾಗೋಕೆ ಬಂದಿದ್ದೀನಿ ಸಾರ್."

"ಸಂತೋಷ. ಅಪ್‌ಡೇಟ್ ಮುಗೀಲಿ, ಹಾಜರಿ ಪತ್ರ ಪ್ರಿಂಟ್ ಆಗುತ್ತೆ."

"ಅಲ್ಲೀವರೆಗೆ ನಾನು ಎಲ್ಲಿದ್ದ ಹಾಗೆ ಸಾರ್?"

"ದಾರೀಲಿದ್ದ ಹಾಗೆ. ಸುಮ್ನೆ ಯಾಕೆ ದಾರೀಲಿ ನಿಲ್ತೀರಿ, ಮೌಸ್ ಹಿಡೀರಿ."

ಹೀಗೆ ಗಂಡ ಬಲಕ್ಕೆ, ಹೆಂಡತಿ ಎಡಕ್ಕೆ. ನಡುವೆ ಅಳತೆಪಟ್ಟಿ. ಸಂಪಾದಿಸಿದ ರಜೆಯ ಮೇಲೆ ಕಚೇರಿಗೆ ಕಚೇರಿಯೇ ಹೋಗಿದ್ದ ಒಂದು ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಶುರು ಹಚ್ಚಿಕೊಂಡರು. ಅಡ್ಡಿ ಮಾಡಲು ಒಂದು ಹೊಟ್ಟೆನೋವೂ ಇರಲಿಲ್ಲ. ಒಂದು ಸಲವೂ ಐದು ಸೆಂಟಿಮೀಟರ್ ಮೀರಲಿಲ್ಲ. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಉಂಡರು. ಅವನು ಬದನೆಕಾಯಿ ಆರಿಸಿ ಪಕ್ಕಕ್ಕಿಟ್ಟ. ಮದುವೆಯಾಗಿ ಮೂರು ವರ್ಷಕ್ಕೆ, ಇವನಿಗೆ ಬದನೆಕಾಯಿ ಸೇರುವುದಿಲ್ಲ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಪರದೆಯ ಮೇಲೆ ತೊಂಬತ್ತೊಂಬತ್ತು ಬಿತ್ತು.

"ಗೆದ್ದೆವು ಕಣೇ," ಎಂದ ಗಂಡ. "ನಿನ್ನ ಬಿಡುಗಡೆ ಪತ್ರ ಬಂತು ಅಂತಲೇ ತಿಳ್ಕೋ."

"ಬಂದ್ಮೇಲೆ?"

"ನಮ್ಮೂರಿಗೆ ಹೋಗಿ ಹಾಜರಾಗ್ತೀಯ. ಆದೇಶ ಇದೆಯಲ್ಲ."

"ಮತ್ತೆ ನೀವು?"

"ನಂದೂ ಹಾಜರಿ ಪತ್ರ ಪ್ರಿಂಟ್ ಆಗುತ್ತೆ. ನಾನು ಇಲ್ಲಿ…" ಎಂದವನು ಅಲ್ಲಿಗೇ ನಿಂತ.

ಇಬ್ಬರೂ ಗೋಡೆಯ ಗಡಿಯಾರ ನೋಡಿದರು. ಎಂಟನೆಯ ನಿಮಿಷ. ಈಗ ಸರಿಸುವ ಸರದಿ ಗಂಡನದು. ಅವನ ಕೈ ಅಭ್ಯಾಸಬಲದಿಂದ ಮೌಸಿನ ಕಡೆಗೆ ಹೋಯಿತು. ಅವಳು ಆ ಕೈಯನ್ನು ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು.

"ರೀ, ನಾಳೆಗೆ ಹುರುಳಿಕಾಯಿ ಪಲ್ಯ ಮಾಡ್ಲಾ?"

"ಮಾಡು," ಎಂದ ಗಂಡ.

ಒಂಬತ್ತಾಯಿತು. ಹತ್ತಾಯಿತು. ಪರದೆ ಕಪ್ಪಾಯಿತು. ಅವಳು ಎದ್ದು ಕಿಟಕಿ ತೆರೆದು, ಗೇಟಿನ ಕಡೆ ಬಗ್ಗಿ ಕೂಗಿದಳು: "ಅಣ್ಣಾ, ಇಲ್ಲೊಂದು ಯಂತ್ರ ಬೆಳಕಿಲ್ದೆ ಕೂತಿದೆ. ಸ್ವಲ್ಪ ಬರ್ತೀರಾ?"

ಕಾವಲುಗಾರ ಬಂದ. "ಕೀಳ್ಲಾ ಅಕ್ಕ?" ಎಂದು ಮೊದಲ ಸಲ ಅನುಮತಿ ಕೇಳಿದ.

"ನಿಯಮ ಅಂದ್ಮೇಲೆ ನನ್ನ ಕೇಳೋದೇನಿದೆ," ಎಂದಳು.

ಅವನು ಕಿತ್ತ, ಬರೆದ. ಮರುದಿನ ಸಾಹೇಬರು ಗಂಡ ಹೆಂಡತಿ ಇಬ್ಬರಿಗೂ ಬದಲಿ ರಜೆ ಮಂಜೂರು ಮಾಡಿದರು. ಪತಿ-ಪತ್ನಿ ಪ್ರಕರಣವಾದ್ದರಿಂದ ಒಂದೇ ತಾರೀಖಿಗೆ. ಆ ರಜೆಯ ದಿನ ಇಬ್ಬರೂ ಕಚೇರಿಯ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ನೋಡಲು ಹೋದರು. ಅಡುಗೆಮನೆಗೆ ಬೆಳಕಿತ್ತು, ಹಿತ್ತಲಲ್ಲಿ ಒಗೆಯುವ ಕಲ್ಲಿತ್ತು.

"ಎಷ್ಟು ದಿನ ಇರ್ತೀರಪ್ಪ?" ಎಂದು ಮನೆಯ ಯಜಮಾನಿ ವಿಚಾರಿಸಿದಳು.

"ಅಪ್‌ಡೇಟ್ ಮುಗಿಯೋವರೆಗೆ," ಎಂದ ಗಂಡ.

ಇಷ್ಟು ದೀರ್ಘಾವಧಿಯ ಬಾಡಿಗೆದಾರರು ಈ ಕಾಲದಲ್ಲಿ ಸಿಗುವುದು ಕಷ್ಟವೆಂದು ಯಜಮಾನಿ ಅವತ್ತೇ ಮನೆಗೆ ಸುಣ್ಣ ಹೊಡೆಸಿದಳು.