ಪಕ್ಕದ ಮನೆಯ ಹುಂಜರಾಯರ ಸನ್ನಿಧಾನಕ್ಕೆ

ಮಾನ್ಯ ಹುಂಜರಾಯರೇ,

ಮಲೇಷ್ಯಾದ ಪುಚೊಂಗ್‌ನ ನಮ್ಮ ಸಾಲುಮನೆಗಳ ಬೀದಿಗೆ ಏಕೈಕ ಒಡೆಯರೂ, ಕೆಂಪು ಜುಟ್ಟಿನ ಕಿರೀಟಧಾರಿಗಳೂ, ಸೂರ್ಯನಿಗೆ ಹುಟ್ಟಲು ಅಪ್ಪಣೆ ಕೊಡುವವರೂ ಆದ ತಮ್ಮ ಪಾದಗಳಿಗೆ, ಅದರಲ್ಲೂ ಆ ಪಾದಗಳ ಹಿಂಬದಿಯ ಚೂಪು ಮುಳ್ಳುಗಳಿಗೆ, ಪಕ್ಕದ ಮನೆಯ ಸುಬ್ರಾಯನು ಗೇಟಿನ ಒಳಗಿನಿಂದಲೇ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂಬುದು ತಮ್ಮ ಕೂಗಿನಿಂದ ಇಡೀ ಬೀದಿಗೆ ಗೊತ್ತಾಗುತ್ತಲೇ ಇದೆ. ನಮ್ಮ ಕ್ಷೇಮದ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಈ ಪತ್ರ.

ತಾವು ಮೊದಲ ಸಲ ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು, ಓರೆಯಾಗಿ ನನ್ನ ಸುತ್ತ ಹೆಜ್ಜೆ ಹಾಕಿದಾಗ, ಈ ದೇಶದ ಸಭ್ಯತೆ ಕೋಳಿಗಳಿಗೂ ಹತ್ತಿದೆಯಲ್ಲ ಎಂದು ಹಿಗ್ಗಿ, ನಾನೂ ಲ್ಯಾಪ್‌ಟಾಪ್ ಚೀಲವನ್ನು ಬೆನ್ನಿಗೆ ಸರಿಸಿ, ಬಾಗಿ ಕೈಮುಗಿದೆ. ಅದು ವಂದನೆಯಲ್ಲ, ಕಾಳಗದ ಕರೆ ಎಂಬುದನ್ನು ತಾವು ನನ್ನ ಮೀನಖಂಡದ ಮೇಲೆ ಗೀಚಿ ತಿಳಿಸಿದಿರಿ. ಇಷ್ಟು ನೇರವಾಗಿ ಅಭಿಪ್ರಾಯ ತಿಳಿಸುವವರು ನಮ್ಮ ಕಚೇರಿಯಲ್ಲೂ ಇಲ್ಲ.

ಆಮೇಲೆ ತಮ್ಮ ಏಳಿಗೆಗೆ ದುಡಿದದ್ದು ನಮ್ಮ ಸಂಪ್ರದಾಯ. ಮೈಸೂರಿನಿಂದ ನಮ್ಮೊಡನೆ ಇರಲು ಬಂದಿರುವ ನನ್ನ ತಾಯಿ ಕಾಂತಮ್ಮನವರ ಪ್ರಕಾರ, ಹೊರಟವರಿಗೆ ಅಡ್ಡಿಯಾದರೆ ಹಾಗೇ ಮುಂದುವರಿಯುವುದು ಅಪಶಕುನ. ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಅದರಂತೆ ತಾವು ಎರಗುವುದು, ನಾವು ತಿರುಗುವುದು, ನೀರು ಕುಡಿದು ಮತ್ತೆ ಬರುವುದು, ತಾವು ಮತ್ತೆ ಎರಗುವುದು. ಅಪಶಕುನ ಕಳೆಯಿತೆಂದು ನಾವು ಒಳಗೆ ಸಮಾಧಾನಪಡುತ್ತಿದ್ದರೆ, ಗೆದ್ದೆನೆಂದು ತಾವು ಹೊರಗೆ ಎದೆಯುಬ್ಬಿಸಿ ಕೂಗುತ್ತಿದ್ದಿರಿ. ಒಂದು ಹುಂಜಕ್ಕೆ ಇಷ್ಟು ಶಿಸ್ತಾಗಿ ಜಗಳ ಕಲಿಸಿದ ಮನೆ ಇಡೀ ಮಲೇಷ್ಯಾದಲ್ಲಿ ಇನ್ನೊಂದು ಇರಲಾರದು.

ನನ್ನ ಕಾಲಿನ ಮಾತು ಬಿಡಿ. ತಾವು ಅಮ್ಮನ ಕಾಲಿಗೂ ಮುಳ್ಳು ಚುಚ್ಚಿದಿರಿ. ಮಲಯ್ ಭಾಷೆಯ ಒಂದಕ್ಷರ ಬಾರದ ಅವರಿಗೆ ಈ ಊರಲ್ಲಿ ಇದ್ದದ್ದು ಒಂದೇ ಸುಖ: ಸಂಜೆ ಮುಂದಿನ ಬೀದಿಯ ದೇವಿಯ ಗುಡಿಗೆ ಹೋಗಿ, ಅಲ್ಲಿನ ತಮಿಳು ಹೆಂಗಸರ ಜೊತೆ ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ಹರಟುವುದು. ಗಾಯ ಮಾಗಿದರೂ ಅವರು ಗೇಟು ದಾಟಲಿಲ್ಲ. ಒಂದು ದಿನ ಊಟದ ನಡುವೆ ತಲೆಯೆತ್ತದೆ, ಊರಿಗೆ ಮರಳುವ ನನ್ನ ಟಿಕೆಟನ್ನು ಮುಂಚಿನ ದಿನಕ್ಕೆ ಮಾಡಿಸಿಬಿಡು ಎಂದರು. ಒಂದು ಕೋಳಿಯ ಕಾರಣಕ್ಕೆ ನನ್ನ ತಾಯಿ ನನ್ನ ಮನೆ ಬಿಟ್ಟು ಹೋಗುವುದೇ? ಮಾನ್ಯರೇ, ಆಗ ನನಗೆ ತಮ್ಮ ಮೇಲೆ ನಿಜಕ್ಕೂ ಸಿಟ್ಟು ಬಂತು.

ತಮ್ಮ ಯಜಮಾನರಾದ ರಜ್ಲಾನ್ ಮಾವನವರು, ಅಂದರೆ ಬೀದಿಯವರೆಲ್ಲ ಮಲಯ್‌ನಲ್ಲಿ ಮಾವ ಎಂಬರ್ಥಕ್ಕೆ ಪಾಕ್ ಚಿಕ್ ಎಂದು ಕರೆಯುವ ಆ ಸಜ್ಜನರು, ವಿಷಯ ತಿಳಿದು ಬಹಳ ನೊಂದುಕೊಂಡರು. ಶುಕ್ರವಾರವೇ ತಮ್ಮನ್ನು ತೆಂಗಿನಹಾಲು ಹಾಕಿ ಬತ್ತಿಸುವ ರೆಂಡಾಂಗ್ ಮಸಾಲೆ ಮಾಡಿ, ಕ್ಷಮೆ ಕೋರಿ ಒಂದು ಡಬ್ಬಿ ನಮಗೂ ತಪಾವ್, ಅಂದರೆ ಪಾರ್ಸೆಲ್, ಕಟ್ಟಿ ಕಳಿಸುವುದಾಗಿ ಮಾತು ಕೊಟ್ಟರು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ತಮಗೆ ತಿಳಿದಿರಲಿಕ್ಕಿಲ್ಲ. ಆದರೆ ಮಸಾಲೆ ಅರೆಯುವ ಮೊದಲು ನಮ್ಮ ಅಮ್ಮನನ್ನು ಕೇಳಬೇಕಾಯಿತು. ತನ್ನ ಕಾಲಿಗೋಸ್ಕರ ಒಂದು ಜೀವ ಹೋಗುವುದು ಬೇಡವೆಂದು ಅವರು ಖಡಾಖಂಡಿತವಾಗಿ ಹೇಳಿದರು. ತಾವು ಇಂದು ಕೂಗುತ್ತಿರುವುದು ತಾವು ಚುಚ್ಚಿದವರ ದಯೆಯಿಂದ ಎಂಬುದನ್ನು ಅತ್ಯಂತ ಗೌರವಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತೇನೆ.

ಕೊನೆಗೆ ದಾರಿ ತೋರಿಸಿದವಳು ನನ್ನ ಮಗಳು ಅಕ್ಷಿತಾ. ಕನ್ನಡ ಅರ್ಥವಾದರೂ ಈ ಊರಿನ 'ಲಾ' ಬೆರೆಸಿದ ಇಂಗ್ಲಿಷಿನಲ್ಲೇ ಉತ್ತರಿಸುವ ಅವಳು, 'ಅಜ್ಜಿ, ಡೋಂಟ್ ಗೋ ಬ್ಯಾಕ್ ಲಾ, ಹೀ ಥಿಂಕ್ಸ್ ಹೀ ವನ್' ಎಂದು ಒಂದೇ ಸಾಲಿನಲ್ಲಿ ತಮ್ಮ ರಾಜನೀತಿಯನ್ನೆಲ್ಲ ಬಿಡಿಸಿಟ್ಟಳು. ಓಡಬಾರದಂತೆ, ಒದೆಯಲೂಬಾರದಂತೆ, ಒದ್ದರೆ ತಾವು ಅದನ್ನು ಕಾಳಗಕ್ಕೆ ಒಪ್ಪಿಗೆಯೆಂದೇ ತಿಳಿಯುತ್ತೀರಂತೆ; ಸುಮ್ಮನೆ ನಿಂತು, ತಾವು ಮೊದಲು ಸರಿಯುವವರೆಗೆ ಜಾಗ ಬಿಡಬಾರದಂತೆ. ಆದರೆ ಅಡ್ಡಿಯಾದ ಮೇಲೆ ಮುಂದೆ ಹೋಗಲು ಅಮ್ಮ ಒಪ್ಪಬೇಕಲ್ಲ! ಒಂದು ಹಗಲೆಲ್ಲ ಯೋಚಿಸಿ ಅವರೇ ತೀರ್ಪು ಕೊಟ್ಟರು: ಕೂತು ನೀರು ಕುಡಿಯಬೇಕೆಂದು ಹಿರಿಯರು ಹೇಳಿದ್ದಾರೆಯೇ ಹೊರತು, ಎಲ್ಲಿ ಕೂರಬೇಕೆಂದು ಹೇಳಿಲ್ಲ.

ಅಂದು ಸಂಜೆ ತಾವು ರೆಕ್ಕೆ ಇಳಿಬಿಟ್ಟು ನುಗ್ಗಿ ಬಂದಾಗ ಅಮ್ಮ ಕೈಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ನಡುದಾರಿಯಲ್ಲಿ, ತಮ್ಮ ಮುಂದೆಯೇ ಹಾಕಿ ಕೂತರು. ಚೊಂಬು ಎತ್ತಿ ಗುಟುಕು ಗುಟುಕಾಗಿ ನೀರು ಕುಡಿದರು. ತಾವು ಕತ್ತಿನ ಪುಕ್ಕ ಕೆದರಿದಿರಿ, ಸುತ್ತು ಹಾಕಿದಿರಿ, ಆಮೇಲೆ ನೆಲದಲ್ಲಿ ಇಲ್ಲದ ಕಾಳನ್ನು ಹೆಕ್ಕುವ ನಟನೆ ಮಾಡುತ್ತ, ಏನೋ ಕೆಲಸ ನೆನಪಾದವರಂತೆ ಚರಂಡಿಯ ಕಡೆ ನಡೆದಿರಿ. ಅಮ್ಮ ಸೆರಗು ಸರಿಮಾಡಿಕೊಂಡು ಗುಡಿಗೆ ಹೋದರು. ಟಿಕೆಟ್ಟಿನ ಮಾತು ಆಮೇಲೆ ನಮ್ಮ ಮನೆಯಲ್ಲಿ ಎದ್ದಿಲ್ಲ. ನಾನು ಅಡುಗೆಮನೆಗೆ ಹೋಗಿ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡೆ.

ಆದ್ದರಿಂದ ಈಗ ಉಳಿದಿರುವುದು ನನ್ನದೊಂದೇ ಅಹವಾಲು. ಅಮ್ಮನಿಗೆ ದಾರಿ ಬಿಡುವ ತಾವು ನನ್ನನ್ನು ಮಾತ್ರ ಇನ್ನೂ ಹಿಂದಿನ ಓಣಿಯಿಂದ ಓಡಾಡಿಸುತ್ತಿದ್ದೀರಿ. ನಿಲ್ಲಬೇಕೆಂದು ಬುದ್ಧಿ ಹೇಳುತ್ತದೆ, ಕಾಲುಗಳು ಬುದ್ಧಿಯನ್ನು ಕೇಳುವುದಿಲ್ಲ. ವಾರಕ್ಕೊಂದು ದಿನ ರಜೆ ತೆಗೆದುಕೊಳ್ಳುವುದು, ಎರಗುವ ಮೊದಲು ಲಿಖಿತ ಸೂಚನೆ ನೀಡುವುದು, ಅದೂ ಆಗದಿದ್ದರೆ ಕಾಂತಮ್ಮನವರ ಮಗನೆಂಬ ದಾಕ್ಷಿಣ್ಯಕ್ಕಾದರೂ ಕಾರಿನವರೆಗೆ ನನ್ನನ್ನು ಬಿಡುವುದು, ಇವುಗಳಲ್ಲಿ ತಮಗೆ ಯಾವುದು ಅನುಕೂಲವೋ ಅದನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ.

ತಮ್ಮ ಕೊಕ್ಕಿಗೆ ಎಟುಕದಷ್ಟು ದೂರದಲ್ಲಿ ನಿಂತಿರುವ
ತಮ್ಮ ವಿಶ್ವಾಸಿ,
ಸುಬ್ರಾಯ

ತಾ.ಕ.: ಬಹಿರಂಗ ಪತ್ರವಾದ್ದರಿಂದ ಇದನ್ನು ತಮ್ಮ ಗೇಟಿಗೆ ನಾನೇ ಖುದ್ದಾಗಿ ಅಂಟಿಸಬೇಕೆಂದಿದ್ದೆ. ತಾವು ಅಲ್ಲೇ ಅಡ್ಡಾಡುತ್ತಿರುವುದು ಕಿಟಕಿಯಿಂದ ಕಾಣುತ್ತಿದೆ. ಅಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ, ಗಂಡಸಾಗಿದ್ದರೆ ತಡೆಯಿರಿ.