ನಾನು ಹೋಗದ ನ್ಯೂಜಿಲೆಂಡ್

ತಾನಿಲ್ಲದಿದ್ದರೆ ಆಫೀಸು ನಡೆಯುವುದಿಲ್ಲ ಎಂಬುದು ಒಂದು ಕಾಯಿಲೆ. ಮೊದಲು ಇದು ರೋಗಿಯ ಹೆಂಡತಿಗೆ ಗೊತ್ತಾಗುತ್ತದೆ, ಆಮೇಲೆ ಸಹೋದ್ಯೋಗಿಗಳಿಗೆ, ರೋಗಿಗೆ ಕೊನೆಯಲ್ಲಿ. ನನಗೆ ದೋಹಾಕ್ಕೆ ಬಂದ ಮೊದಲ ವರ್ಷವೇ ಅಂಟಿತು. ಪಕ್ಕದ ಮೇಜಿನವರೊಬ್ಬರು ಒಂದೂವರೆ ತಿಂಗಳು ರಜೆ ಹಾಕಿ ಊರಿಗೆ ಹೋಗಿದ್ದರು. ಅವರಿಲ್ಲದೆಯೂ ಕೆಲಸ ಸಾಂಗವಾಗಿ ನಡೆಯುತ್ತದೆ ಎಂಬುದು ಅಷ್ಟರಲ್ಲಿ ಮೇಲಿನವರಿಗೆ ಗೊತ್ತಾಗಿ ಅವರ ಕೆಲಸ ಹೋಯಿತು; ಊರಿಂದ ಅವರು ತಂದ ಮೈಸೂರ್ ಪಾಕ್ ತಿನ್ನುತ್ತಲೇ ನಾವು ಅವರನ್ನು ಬೀಳ್ಕೊಟ್ಟೆವು. ಅಂದಿನಿಂದ ಹದಿನೆಂಟು ವರ್ಷ ನಾನು ಎರಡು ವಾರಕ್ಕಿಂತ ಹೆಚ್ಚು ರಜೆ ಹಾಕಿದವನಲ್ಲ. ಆ ಎರಡು ವಾರವೂ ಮೈಸೂರಿನ ಮದುವೆ, ಗೃಹಪ್ರವೇಶಗಳಿಗೇ ಸರಿಹೋಗುತ್ತಿತ್ತು. ಧಾರೆಯ ಹೊತ್ತಿನಲ್ಲೂ ನನ್ನ ಒಂದು ಕಿವಿ ಆಫೀಸಿನ ಫೋನಿಗೇ ಮೀಸಲು.

ನನ್ನ ಹೆಂಡತಿ ಸುಮಿತ್ರಾಗೆ ಹಿಮದ ಹುಚ್ಚು. ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಯ ಕಿಟಕಿಯಿಂದ ಕಾಣುವುದು ಎದುರು ಮನೆಯ ನೀರಿನ ಟ್ಯಾಂಕು, ಅದರ ಮೇಲೆ ಎರಡು ಪಾರಿವಾಳ. ಅದನ್ನೇ ನೋಡುತ್ತಾ ಅವಳು ಒಂದು ದಿನ, "ರೀ, ಪೂರ್ತಿ ಮೂರು ವಾರ, ನಾವಿಬ್ಬರೇ, ನ್ಯೂಜಿಲೆಂಡ್‌ಗೆ ಹೋಗೋಣ. ನೆಂಟರ ಮದುವೇನೇ ಇಲ್ಲದ ಊರು" ಎಂದಳು. ಬೆಟ್ಟ, ಹಿಮನದಿ, ಪೆಂಗ್ವಿನ್ ಎಲ್ಲ ಇರುವ ಪ್ರವಾಸಕ್ಕೆ ಇಬ್ಬರ ಹೆಸರೂ ಕೊಟ್ಟೆವು. ನಮ್ಮ ಗ್ರಹಚಾರಕ್ಕೆ, ಪ್ರವಾಸದ ದಿನಗಳೂ ಇಲ್ಲಿನ ಫುಟ್‌ಬಾಲ್ ವಿಶ್ವಕಪ್ಪಿನ ದಿನಗಳೂ ಒಂದೇ ಆದವು. ಅವರ ರಜೆ ರದ್ದಾಯಿತಂತೆ, ಇವರದು ರದ್ದಾಯಿತಂತೆ ಎಂದು ಸುದ್ದಿ ಬರತೊಡಗಿತು. ನಾನೂ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದು, "ನನ್ನದೂ ಖಲಾಸ್ ಕಣೇ" ಎಂದೆ. ನಿಜ ಹೇಳಿಬಿಡುತ್ತೇನೆ, ನಾನು ರಜೆ ಕೇಳಿಯೇ ಇರಲಿಲ್ಲ. ಮೂರು ವಾರ ನನ್ನ ಕುರ್ಚಿ ಖಾಲಿ ಬಿದ್ದರೆ ಏನೇನು ಬಯಲಾದೀತೋ ಎಂದು ಭಯವಾಗಿತ್ತು. ಇವಳೂ ಉಳಿದುಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಮೂರನೆಯ ದಿನ ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು.

ಅವಳು ಅತ್ತ ವಿಮಾನ ಹತ್ತಿದಳು, ಇತ್ತ ನಮ್ಮ ಮ್ಯಾನೇಜರ್ ನಾಸಿರ್, ವಿಶ್ವಕಪ್ ಮುಗಿಯುವವರೆಗೆ ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದುಬಿಟ್ಟರು. ನಾನು ಕೇಳಬೇಕಲ್ಲ! ಬಿನ್ ಒಮ್ರಾನ್ ಬಡಾವಣೆಯ ಆಫೀಸಿಗೆ ದಿನಾ ಬೆಳಿಗ್ಗೆ ಏಳಕ್ಕೇ ಹೋಗಿ, ಲೈಟು ಹಾಕಿ, ಒಬ್ಬನೇ ಕುಳಿತೆ. ಮೊದಲ ವಾರ ಬಂದದ್ದು ಎರಡು ಮೇಲ್. ಒಂದು ಎ.ಸಿ. ಸರ್ವಿಸಿನದು, ಇನ್ನೊಂದು ಅದಕ್ಕೆ ನಾನು ಕೊಟ್ಟ ಉತ್ತರಕ್ಕೆ ಧನ್ಯವಾದ. ನಾನು ಹೋಗಿ ಕೂರುವ ಹೊತ್ತಿಗೆ ನ್ಯೂಜಿಲೆಂಡಿನಲ್ಲಿ ಸಂಜೆಯಾಗಿ ಸುಮಿತ್ರಾಳ ವಿಡಿಯೊ ಕರೆ ಬರುತ್ತಿತ್ತು. "ನೋಡ್ರೀ, ಬೆಟ್ಟದ ಗಿಳಿ ಅಂತೆ, ನಮ್ಮ ಬಸ್ಸಿನ ವೈಪರ್ ರಬ್ಬರನ್ನೇ ಕಿತ್ಕೊಂಡು ಹೋಯ್ತು!" ಎಂದು ನಗುತ್ತಿದ್ದಳು. ಹಿಮನದಿ ಬಿಳಿಯಲ್ಲ, ನೀಲಿಯಂತೆ. ಸೀಲ್‌ಗಳು ಬಂಡೆಯ ಮೇಲೆ, ಹಬ್ಬದೂಟ ಮುಗಿಸಿದ ನಮ್ಮ ಸೋದರಮಾವನ ಹಾಗೆ ಮಲಗಿರುತ್ತವಂತೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಯಾರು ಎಂದು ಕೇಳಿದೆ. "ಯಾರೂ ಇಲ್ಲ. ನಿಮ್ಮ ಸೀಟಲ್ವಾ, ಖಾಲಿ ಇದೆ" ಎಂದಳು. ಮತ್ತೆ ಅವಳೇ, "ನಿಮ್ಮ ಕಡೆ ಏನು ಸಮಾಚಾರ?" ಎಂದಳು. ಬೆಳಿಗ್ಗೆ ಉಪ್ಪಿಟ್ಟು ಮಾಡಿಕೊಂಡೆ ಎಂದೆ. ನಿನ್ನೆಯೂ ಅದನ್ನೇ ಹೇಳಿದ್ದೆ.

ಊರಿಗೆ ಊರೇ ಡೋಲು ಬಾರಿಸುತ್ತಿತ್ತು. ಒಂದು ಸಂಜೆ ಮನೆಯಲ್ಲಿರಲಾರದೆ ಕಡಲದಂಡೆಯ ಕಾರ್ನಿಶ್ ಕಡೆ ಹೋದೆ. ಎಲ್ಲೆಲ್ಲಿಂದಲೋ ಬಂದವರು, ಮುಖಕ್ಕೆಲ್ಲ ಬಣ್ಣ, ಹೆಗಲ ಮೇಲೆ ಬಾವುಟ. ನನ್ನ ವಯಸ್ಸಿನ ಒಂದು ಜೋಡಿ ಫೋನ್ ಕೊಟ್ಟು, ಫೋಟೊ ತೆಗೆಯಿರಿ ಎಂದಿತು. ತೆಗೆದೆ. ಚೆನ್ನಾಗಿ ಬಂದಿಲ್ಲವೆಂದು ಅವರನ್ನು ಮತ್ತೆರಡು ಸಲ ನಗಿಸಿ ತೆಗೆದೆ. ಅವರು ಕೈ ಕೈ ಹಿಡಿದು ಜನರೊಳಗೆ ಸೇರಿಹೋದ ಮೇಲೆ ನನಗೆ ಅಳು ಬಂದಂತಾಯಿತು. ಇಷ್ಟು ವರ್ಷ ಬದುಕಿದ ಊರಿನಲ್ಲಿ, ನಾನು ಎಲ್ಲಿದ್ದೇನೆ ಎಂದು ಕೇಳುವವರು ಒಬ್ಬರೂ ಇರಲಿಲ್ಲ. ಆಫೀಸಂತೂ ಕೇಳಿರಲಿಲ್ಲ.

ಸುಮಿತ್ರಾ ಹಿಂತಿರುಗಿದ ದಿನ ಕಾಫಿ ಮಾಡಿಕೊಟ್ಟು, ಇನ್ನು ಮುಚ್ಚಿಡಲಾಗದೆ ಎಲ್ಲ ಹೇಳಿಬಿಟ್ಟೆ. ಅವಳು ಲೋಟದಿಂದ ಮುಖ ಎತ್ತಲಿಲ್ಲ.

"ಗೊತ್ತು. ಹೊರಡೋಕೆ ಮುಂಚೆ ನಾನೇ ನಾಸಿರ್ ಅವರಿಗೆ ಫೋನ್ ಮಾಡಿದ್ದೆ. ಹತ್ತು ದಿನ ಆದರೂ ನಮ್ಮವರಿಗೆ ರಜೆ ಕೊಡಿ ಅಂತ ಬೇಡ್ಕೊಂಡೆ ಕಣ್ರೀ. ಅವರು, 'ಮೇಡಂ, ರಾವ್ ಕೇಳಿದ್ದರೆ ಒಂದು ತಿಂಗಳೇ ಕೊಡ್ತಿದ್ದೆ' ಅಂದ್ರು."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕೋಪ ಬರಲಿಲ್ಲವೇ ಎಂದೆ.

"ಮೊದಲನೇ ವಾರ ಕೋಪ ಇತ್ತು. ಎರಡನೇ ವಾರ ಒಂದು ಕೆರೆ ಹತ್ರ ಕೂತು ಚೆನ್ನಾಗಿ ಅತ್ತೆ. ಮೂರನೇ ವಾರ ಪೆಂಗ್ವಿನ್ ನೋಡೋವಾಗ ನೀವು ನೆನಪೇ ಆಗಲಿಲ್ಲ. ಅದಕ್ಕೇ ಭಯ ಆಗಿ ಮನೆಗೆ ಬಂದೆ."

ಮರುದಿನವೇ ಮುಂದಿನ ವರ್ಷಕ್ಕೆ ಮೂರು ವಾರದ ರಜೆ ಹಾಕಿದೆ. ಎರಡೇ ನಿಮಿಷದಲ್ಲಿ ಮಂಜೂರಾಯಿತು. ನಿನ್ನ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ನಾಸಿರ್ ಸೌಜನ್ಯಕ್ಕೂ ಕೇಳಲಿಲ್ಲ. ಆ ನೋವು ನುಂಗಿಕೊಂಡು ಮನೆಗೆ ಓಡಿಬಂದು ಸುಮಿತ್ರಾಗೆ ಹೇಳಿದೆ.

"ಅವರು ಕೊಟ್ಟರು, ಸರಿ. ನಿಮ್ಮನ್ನ ಕರ್ಕೊಂಡು ಹೋಗಬೇಕೋ ಬೇಡವೋ ಅಂತ ನಾನಿನ್ನೂ ಯೋಚನೆ ಮಾಡಿಲ್ಲ" ಎಂದಳು.

ಎರಡು ತಿಂಗಳಾಯಿತು. ದಿನಾ ಬೆಳಿಗ್ಗೆ ಕಾಫಿ ಕೊಟ್ಟು, ಏನೂ ಕೇಳದೆ, ಅವಳ ಮುಖವನ್ನೇ ನೋಡುತ್ತಾ ನಿಂತಿರುತ್ತೇನೆ. ಇತ್ತೀಚೆಗೆ ಆಫೀಸಿಗೂ ತಡವಾಗುತ್ತಿದೆ. ಅಲ್ಲಿ ಯಾರೂ ಗಮನಿಸಿಲ್ಲ.