ಬಲತೋಳಿನ ಮುಕ್ಕಾಲಿಂಚು

ಆಂಜಿನಪ್ಪನಿಗೆ ಅಳತೆಯ ಹುಚ್ಚು ಹಿಡಿದದ್ದು ಕಾರ್ಖಾನೆಗೆ ಸೇರಿದ ಮೇಲೆ ಎಂದು ಅವನ ತಾಯಿ ಪಿಳ್ಳಮ್ಮ ಹೇಳುತ್ತಾಳೆ. ಹುಟ್ಟಿದಾಗಲೇ ಇತ್ತು, ಅತ್ತೆ ಗಮನಿಸಿರಲಿಲ್ಲ ಅಷ್ಟೆ ಎಂದು ಹೆಂಡತಿ ಅಶ್ವತ್ಥಮ್ಮ ಹೇಳುತ್ತಾಳೆ. ಯಾರ ಮಾತೇ ನಿಜವಾಗಲಿ, ಆ ಮನೆಯಲ್ಲಿ ರಾಗಿಮುದ್ದೆ ತಟ್ಟೆಗೆ ಬಿದ್ದ ಕೂಡಲೇ ಯಜಮಾನನ ಜೇಬಿನಿಂದ ಆರಿಂಚಿನ ಸ್ಟೀಲ್ ಸ್ಕೇಲು ಹೊರಗೆ ಬರುತ್ತಿತ್ತು ಎಂಬುದು ಮಾತ್ರ ಚಿಕ್ಕಬಾಣಾವರಕ್ಕೆಲ್ಲ ಗೊತ್ತಿದ್ದ ಸಂಗತಿ.

"ನಿನ್ನೆದಕ್ಕಿಂತ ಕಾಲಿಂಚು ಕಮ್ಮಿ ಐತೆ," ಎನ್ನುತ್ತಿದ್ದ ಆಂಜಿನಪ್ಪ.

"ಉಣ್ಣೋ ಮುದ್ದೆಗೆ ಅಳ್ತೆ ಇಕ್ಬಾರ್ದು ಕಣ್ಲಾ," ಎನ್ನುತ್ತಿದ್ದಳು ಪಿಳ್ಳಮ್ಮ. "ಇಂಗೆ ಅಳೀತಾ ಇದ್ರೆ ನಾಳಿಕ್ಕೆ ಅದೂ ಇರಾಕಿಲ್ಲ."

ಪೀಣ್ಯದ ಕಾರ್ಖಾನೆಯೊಂದರಲ್ಲಿ ಅವನು ಇನ್‌ಸ್ಪೆಕ್ಟರ್. (ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಊರಿನಲ್ಲಿ ಕೆಲವರು ಹಾಗೆ ತಿಳಿದುಕೊಂಡಿದ್ದರು, ಅವನೂ ಅವಸರಪಟ್ಟು ತಿದ್ದಲು ಹೋಗಿರಲಿಲ್ಲ.) ಲೇತ್ ಮಿಷನ್ನಿನಿಂದ ಬಂದ ಕಬ್ಬಿಣದ ತುಂಡುಗಳನ್ನು ಅಳೆದು, ಸರಿಯಿದ್ದರೆ ಹಸಿರು ಬಣ್ಣ, ಇಲ್ಲದಿದ್ದರೆ ಕೆಂಪು ಬಣ್ಣ ಬಳಿಯುವುದು ಅವನ ಕೆಲಸ. ಕೂದಲೆಳೆಯ ವ್ಯತ್ಯಾಸವಿದ್ದರೂ ಕೆಂಪು. ಸ್ವಂತ ಭಾವಮೈದುನ ಲೇತಿನಲ್ಲಿ ಕಡೆದ ಪೀಸಿಗೂ ಕೆಂಪು. ಆ ಕೆಂಪಿನಿಂದ ಎರಡು ಕುಟುಂಬಗಳ ನಡುವೆ ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಮಾತಿರಲಿಲ್ಲ.

ಎಂಬತ್ತಮೂರನೆಯ ಇಸವಿಯ ದೀಪಾವಳಿ ಕಳೆದ ವಾರ ಕಾರ್ಖಾನೆಯ ನೋಟೀಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದರು. ಐದು ವರ್ಷಗಳಲ್ಲಿ ಒಂದೇ ಒಂದು ತಪ್ಪು ಪೀಸನ್ನೂ ಹೊರಗೆ ಬಿಡದ ಆಂಜಿನಪ್ಪನಿಗೆ ಜನವರಿ ಇಪ್ಪತ್ತಾರರ ಬೆಳಿಗ್ಗೆ, ಬಾವುಟ ಹಾರಿಸಿದ ಮೇಲೆ, ವೇದಿಕೆಯಲ್ಲಿ ಬಹುಮಾನ. ಕುಟುಂಬ ಸಮೇತ ಬರತಕ್ಕದ್ದು. ಆಂಜಿನಪ್ಪ ಆ ಹಾಳೆಯನ್ನು ಮೂರು ಸಲ ಓದಿದ. ನಾಲ್ಕನೆಯ ಸಲ ಓದುತ್ತಿದ್ದಾಗ ಪಕ್ಕದ ಮೇಜಿನ ಶ್ಯಾಮಣ್ಣ ಬಂದು ಹೆಗಲ ಮೇಲೆ ಕೈಯಿಟ್ಟ.

"ಬೆಳಬೆಳಗ್ಗೆ ಬಯಲಲ್ಲಿ ನಿಂತ್ಕೋಬೇಕು ಗುರು. ಹೋದ್ವರ್ಷ ನಾನು ಚಳಿಗೆ ಗಡಗಡ ನಡುಗಿ, ಬಹುಮಾನದ ಫ್ಲಾಸ್ಕ್ ಅಲ್ಲೇ ಕೆಳಗೆ ಬಿಟ್ಟಿದ್ದೆ. ಈಗ ನೋಡು, ನಮ್ಮನೆಯವಳೇ ಕಡ್ಡೀಲಿ ಹೆಣೆದು ಸ್ವೆಟರ್ ಹಾಕ್ಕೊಟ್ಟವ್ಳೆ."

"ನಮ್ಮನೇಲೂ ಹಾಕ್ತಾವ್ಳೆ," ಎಂದುಬಿಟ್ಟ ಆಂಜಿನಪ್ಪ. (ಆ ಹೊತ್ತಿನಲ್ಲಿ ಅಶ್ವತ್ಥಮ್ಮ ಊರಿನಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು.)

ಮಾತು ಕೊಟ್ಟ ಮೇಲೆ ಮುಗಿಯಿತು. ಸಂಜೆಯೊಳಗೆ ಆ ಸುದ್ದಿ ಇಡೀ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಹಬ್ಬಿತು. ಶನಿವಾರ ಆಂಜಿನಪ್ಪ ಚಿಕ್ಕಪೇಟೆಗೆ ಹೋಗಿ ನೇರಳೆ ಬಣ್ಣದ ಉಲ್ಲನ್ ತಂದು ಹೆಂಡತಿಯ ಮಡಿಲಲ್ಲಿ ಸುರಿದ. ಅಶ್ವತ್ಥಮ್ಮ ಮಹಿಳಾ ಸಮಾಜದಲ್ಲಿ ಹೆಣಿಗೆ ಕಲಿತಿದ್ದಳು ನಿಜ. ಆದರೆ ಅಲ್ಲಿಯವರೆಗೆ ಅವಳು ಮುಗಿಸಿದ್ದು ಒಂದು ಕುಲಾವಿ ಮತ್ತು ಒಂದು ಕಾಲಿನ ಕಾಲುಚೀಲ.

"ಇಷ್ಟು ದೊಡ್ಡ ಆಳಿಗೆ ಎರಡೂವರೆ ತಿಂಗ್ಳಲ್ಲಿ ಆಗ್ತದಾ?" ಎಂದಳು.

"ನನ್ನ ಮಾನ ನಿನ್ನ ಕೈಲಿದೆ," ಎಂದ ಆಂಜಿನಪ್ಪ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ ಗಂಡನ ಮಾನ ತನ್ನ ಕೈಗೆ ಬಂದದ್ದು ಕಂಡು ಅಶ್ವತ್ಥಮ್ಮ ಅದನ್ನು ಬಿಡಲಿಲ್ಲ.

ಹಾಗೆ ಆ ಚಳಿಗಾಲ ಶುರುವಾಯಿತು. ಮಗಳು ಭಾಗ್ಯ ಎರಡು ಕೈಗಳನ್ನು ಚಾಚಿ ಉಲ್ಲನ್ ಲಡಿ ಹಿಡಿದು ನಿಲ್ಲುವಳು, ಅಶ್ವತ್ಥಮ್ಮ ಉಂಡೆ ಸುತ್ತುವಳು, ಮೂರು ವರ್ಷದ ಗುಂಡ ಆ ಉಂಡೆಯನ್ನು ಎಮ್ಮೆಯ ಕಾಲ ಸಂದಿಗೆ ಉರುಳಿಸುವನು. ಭಾನುವಾರದ ಎಳೆಬಿಸಿಲಿನಲ್ಲಿ ಎಲ್ಲರೂ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುವರು. ಹಿತುಕಿದ ಬೇಳೆ ಮನೆಗೆ, ಸಿಪ್ಪೆ ಎಮ್ಮೆಗೆ, ಸೊಗಡು ಬೆರಳಿಗೆ; ಆ ಬೆರಳಲ್ಲೇ ಅಶ್ವತ್ಥಮ್ಮ ಮತ್ತೆ ಕಡ್ಡಿ ಹಿಡಿಯುವಳು. ಒಂದು ಭಾನುವಾರ ಪಿಳ್ಳಮ್ಮನನ್ನು ಮನೆ ಕಾಯಲು ಬಿಟ್ಟು ಉಳಿದ ನಾಲ್ಕೂ ಜನ ಒಂದೇ ಸೈಕಲ್ಲಿನಲ್ಲಿ ಹೆಸರಘಟ್ಟದ ಕೆರೆಗೆ ಹೋಗಿ, ಏರಿಯ ಮೇಲೆ ಚಿತ್ರಾನ್ನ ತಿಂದರು. ಅಲ್ಲಿಯೂ ಬೆನ್ನಿನ ಭಾಗದ ಹನ್ನೆರಡು ಸಾಲು ಮುಗಿಯಿತು. ಆಂಜಿನಪ್ಪನಿಗೆ ಹೆಂಡತಿಯ ಬೆರಳುಗಳ ಓಟ ನೋಡುವುದೇ ಒಂದು ಸುಖವಾಯಿತು. ಬಾಯಿಬಿಟ್ಟು ಹೇಳಲಿಲ್ಲ. ಶ್ಯಾಮಣ್ಣನಿಗೆ ಮಾತ್ರ ದಿನವೂ ಹೇಳಿದ.

ಸಂಕ್ರಾಂತಿಯ ಹಿಂದಿನ ದಿನ ಸ್ವೆಟರ್ ಮುಗಿಯಿತು. ಆಂಜಿನಪ್ಪ ತೊಟ್ಟು ಕನ್ನಡಿಯ ಮುಂದೆ ನಿಂತ. ಭಾಗ್ಯ ಚಪ್ಪಾಳೆ ತಟ್ಟಿದಳು. ಪಿಳ್ಳಮ್ಮ ಲಟಿಕೆ ಮುರಿದು ದೃಷ್ಟಿ ತೆಗೆದಳು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಸ್ವೆಟರ್ ಬಿಚ್ಚಿ ಚಾಪೆಯ ಮೇಲೆ ಹಾಸಿ, ಆ ಮಹಾನುಭಾವ ಸ್ಕೇಲು ತೆಗೆದ.

"ಎಡತೋಳು ಹದಿನೆಂಟು. ಬಲತೋಳು ಹದಿನೇಳೂಕಾಲು. ಮುಕ್ಕಾಲಿಂಚು ಕಮ್ಮಿ," ಎಂದ. "ಇದು ಪಾಸಾಗಲ್ಲ."

ಎರಡು ತಿಂಗಳ ಹೆಣಿಗೆ ಗಂಡನ ಕಾಲ ಬುಡದಲ್ಲಿ ಕೆಂಪು ಬಣ್ಣಕ್ಕೆ ಕಾಯುತ್ತಿರುವುದನ್ನು ಅಶ್ವತ್ಥಮ್ಮ ಒಂದು ಗಳಿಗೆ ನೋಡಿದಳು. ಆಮೇಲೆ ಚಾಪೆಯ ಮೇಲೆ ಕೂತು ಬಲತೋಳನ್ನು ಮೊಣಕಾಲ ಮೇಲೆ ಹರಡಿಕೊಂಡಳು.

"ಸಿಟ್ಟು ಬಂದಾಗ ಕೈ ಬಿಗಿಯಾಗ್ತದೆ, ಹೆಣಿಗೆ ಗಿಡ್ಡ ಆಗ್ತದೆ. ಇಲ್ನೋಡಿ, ಮೊಣಕೈ ಹತ್ರ ಬಿಗಿ ಇದೆಯಲ್ಲ, ಇದು ನೀವು ಹೇಳ್ದೆ ಕೇಳ್ದೆ ಫ್ಯಾಕ್ಟ್ರಿಯಿಂದ ಆರು ಜನಾನ ಹಿತುಕಿದ ಬೇಳೆ ಸಾರಿಗೆ ಕರ್ಕೊಂಬಂದ ಭಾನ್ವಾರ. ಇದರ ಮೇಲಿನ ನಾಕು ಸಾಲು, ನಮ್ಮಮ್ಮ ಕಳ್ಸಿದ ಕಜ್ಜಾಯ ಅಳ್ದು ಒಂದ್ರಂಗೆ ಒಂದಿಲ್ಲ ಅಂದ್ರಲ್ಲ, ಆವತ್ತಿಂದು. ಇದು ಗುಂಡನ್ನ ಯಶವಂತಪುರದ ಮಾರ್ಕೆಟ್ಟಲ್ಲಿ ಮರ್ತು ಬಂದಿದ್ದು."

"ಹತ್ತು ನಿಮಿಷದಲ್ಲಿ ಸಿಕ್ಕಿದ್ನಲ್ಲೇ."

"ಅದಕ್ಕೇ ಎರಡೇ ಸಾಲು ಬಿಗಿ ಇರೋದು."

"ಹಂಗಾದ್ರೆ ಎಡತೋಳು ಸರಿಯಾಗಿದೆಯಲ್ಲ, ಅದು ಹೆಂಗೆ?"

"ಅದು ನಿಮಗೆ ಗಂಟಲು ಕಟ್ಟಿ ಎಂಟು ದಿನ ಮಾತು ಹೊರಡದೆ ಇದ್ದಾಗ ಹಾಕಿದ್ದು."

ಒಲೆಯ ಮುಂದಿದ್ದ ಪಿಳ್ಳಮ್ಮ ನಿಧಾನವಾಗಿ ಈ ಕಡೆ ತಿರುಗಿದಳು. "ಅಂಗಂದ್ರೆ ಸೊಸೆ ತಾಳ್ಮೆಗಾತಿ ಬುಡು. ನಾನಾಗಿದ್ರೆ ಇಡೀ ಸೊಟ್ರು ಒಂದು ಗೇಣಿಗೇ ನಿಂತೋಗದು."

ಸ್ವಂತ ತಾಯಿಯೇ ಪಕ್ಷಾಂತರ ಮಾಡಿದ್ದನ್ನು ಕಂಡು ಆಂಜಿನಪ್ಪನ ಅಭಿಮಾನ ಭುಗಿಲೆದ್ದಿತು. "ಕೊಡಿಲ್ಲಿ. ಇನ್ನೂ ಹನ್ನೆರಡು ದಿನ ಇದೆ. ಆ ತೋಳು ನಾನೇ ಹಾಕ್ತೀನಿ. ಅಳತೆ ಅಂದ್ರೆ ಏನು ಅಂತ ತೋರಿಸ್ತೀನಿ."

ಅಶ್ವತ್ಥಮ್ಮ ಬಲತೋಳು ಬಿಚ್ಚಿ, ಉಂಡೆ ಸುತ್ತಿ, ಎರಡು ಕಡ್ಡಿಗಳ ಸಮೇತ ಅವನ ಕೈಗಿಟ್ಟಳು.

ಅವನು ಮೊದಲು ಕಾಗದದ ಮೇಲೆ ತೋಳಿನ ನಕ್ಷೆ ಬರೆದ. ತಾಯಿಯನ್ನು ನೋಡಿಯೇ ಹೆಣಿಗೆ ಕಲಿತಿದ್ದ ಏಳು ವರ್ಷದ ಭಾಗ್ಯ ಗುರುವಾದಳು. ಎರಡು ದಿನದಲ್ಲಿ ಕುಣಿಕೆ ಹಾಕುವುದು ಬಂತು, ನಾಲ್ಕನೆಯ ದಿನಕ್ಕೆ ಸಾಲು ತಿರುಗಿಸುವುದೂ ಬಂತು. ಶಿಫ್ಟ್ ಮುಗಿಸಿ ಬಂದವನೇ ಕಾಲು ತೊಳೆದು ಕಡ್ಡಿ ಹಿಡಿಯುತ್ತಿದ್ದ. ಕದ ಮಾತ್ರ ಹಾಕಿರಬೇಕು, ಏಕೆಂದರೆ ಚಿಕ್ಕಬಾಣಾವರದಲ್ಲಿ ಗಂಡಸು ಸ್ವೆಟರ್ ಹೆಣೆದ ಚರಿತ್ರೆ ಇರಲಿಲ್ಲ. ಪಕ್ಕದ ಮನೆಯ ಮುನಿಯಕ್ಕ ಮಜ್ಜಿಗೆಗೆಂದು ಬಂದಾಗಲೆಲ್ಲ ಅವನು ಕಂಬಳಿ ಮುಸುಕು ಹಾಕಿಕೊಂಡು ಕೆಮ್ಮುತ್ತಿದ್ದ. ಆಯಮ್ಮ ಮರುಗಿ ಮೆಣಸಿನ ಕಷಾಯ ಕಾಯಿಸಿ ತಂದಳು, ಮುಂದೆ ನಿಂತು ಕುಡಿಸಿದಳು. ಐದು ದಿನ ಆ ಕಷಾಯ ಕುಡಿದು, ಇಲ್ಲದ ಕೆಮ್ಮು ನಿಜವಾಗಿಯೂ ಬಂತು.

ಕೆಲಸದಲ್ಲಿ ಅವನಿಗೆ ಮೊದಲ ದಿನ ಕಲಿಸಿದ ಪಾಠ ಒಂದೇ: ಅಳೆಯುವ ಉಪಕರಣವನ್ನು ಬಿಗಿಯಾಗಿ ಒತ್ತಬಾರದು, ಹೂವು ಹಿಡಿದ ಹಾಗೆ ಹಿಡಿಯಬೇಕು. ಹತ್ತು ವರ್ಷ ಹಾಗೆಯೇ ಹಿಡಿದ ಕೈ ಅದು. ಕಡ್ಡಿಯನ್ನೂ ಹಾಗೆಯೇ ಹಿಡಿಯಿತು, ಉಲ್ಲನ್ ದಾರವನ್ನೂ ಹಾಗೆಯೇ ಬಿಟ್ಟಿತು. ಇಪ್ಪತ್ತನಾಲ್ಕನೆಯ ತಾರೀಕು ತೋಳು ಮುಗಿದು ಹೆಗಲಿಗೆ ಸೇರಿತು. ಸ್ಕೇಲು ಇಟ್ಟು ನೋಡಿದ: ಹದಿನೆಂಟು ಇಂಚು. ಎಳೆಯಷ್ಟೂ ಹೆಚ್ಚಿಲ್ಲ, ಎಳೆಯಷ್ಟೂ ಕಡಿಮೆಯಿಲ್ಲ.

ಅಶ್ವತ್ಥಮ್ಮ ಆ ತೋಳನ್ನು ಬೆರಳಲ್ಲಿ ಹಿಡಿದು ನೋಡಿದಳು. "ಅಂದವಾಗಿದೆ. ಆದ್ರೆ ಕೈ ಬಾಳ ಸಡಿಲ. ನೀರು ಬಿದ್ರೆ ಜಗ್ತದೆ. ಒಂದಷ್ಟು ಸಾಲು ಬಿಚ್ಚಿ ಕಮ್ಮಿ ಮಾಡ್ಲಾ?"

"ಪಾಸಾಗಿರೋ ಪೀಸನ್ನ ಯಾರೂ ಮುಟ್ಟಂಗಿಲ್ಲ."

"ನಿಮ್ಮಿಷ್ಟ," ಎಂದು ಅವಳು ಅನ್ನಕ್ಕೆ ಎಸರಿಡಲು ಹೋದಳು.

ಮಾರನೆಯ ಬೆಳಿಗ್ಗೆ ನೋಡಿದರೆ ಆ ತೋಳಿನ ತುಂಬ ಅವನದೇ ಬೆರಳಿನ ಎಣ್ಣೆಯ ಗುರುತು. ಹೆಂಡತಿಗೆ ಹೇಳಿದರೆ ಅವಳು ಮತ್ತೆ ನೀರಿನ ಮಾತೆತ್ತುತ್ತಾಳೆ. ಅವಳು ಬಾವಿಯ ಕಡೆ ಹೋದ ಸಮಯ ಸಾಧಿಸಿ, ಆ ತೋಳೊಂದನ್ನೇ ಬಿಸಿನೀರಿನಲ್ಲಿ ಅದ್ದಿ, ಸೋಪು ಹಚ್ಚಿ ತೊಳೆದು, ಹಿತ್ತಿಲಲ್ಲಿ ಯಾರ ಕಣ್ಣಿಗೂ ಬೀಳದ ಮೂಲೆಯ ತಂತಿಗೆ ಸ್ವೆಟರನ್ನು ಹೆಗಲ ಕಡೆಯಿಂದ ತೂಗುಹಾಕಿ ಕೆಲಸಕ್ಕೆ ಹೋದ. ಇಡೀ ದಿನ ಆ ತೋಳು ನೀರು ತೊಟ್ಟಿಕ್ಕುತ್ತ ತನ್ನ ಭಾರಕ್ಕೆ ತಾನೇ ನೇತಾಡಿತು. ಸಂಜೆ ಮಬ್ಬಿನಲ್ಲಿ ತೆಗೆದು ಮಡಿಸಿ, ಒಲೆಯ ಗೂಡಿನ ಬೆಚ್ಚಗೆ ಇಟ್ಟ. ಬೆಳಿಗ್ಗೆ ಹಾಗೆಯೇ ನ್ಯೂಸ್‌ಪೇಪರಿನಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಮೊದಲು ಹೊರಟ.

ಪೀಣ್ಯದಲ್ಲಿ ಅಂದು ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಅಶ್ವತ್ಥಮ್ಮ ಧಾರೆ ಸೀರೆಯುಟ್ಟು ಅತ್ತೆ ಮಕ್ಕಳ ಜೊತೆ ಬಸ್ಸಿನಲ್ಲಿ ಬಂದು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಬಾವುಟ ಹಾರಿತು, ಭಾಷಣ ಮುಗಿಯುವ ಹೊತ್ತಿಗೆ ಮಂಜೂ ಕರಗಿತು. ಇನ್ನೇನು ತನ್ನ ಹೆಸರು ಬರಬೇಕು ಎನ್ನುವಾಗ ಆಂಜಿನಪ್ಪ ವೇದಿಕೆಯ ಹಿಂದೆ ಪೇಪರು ಬಿಚ್ಚಿ ಸ್ವೆಟರ್ ತೊಟ್ಟ. ಎಡಗೈ ಸಲೀಸಾಗಿ ಹೊರಗೆ ಬಂತು. ಬಲಗೈ ಎಷ್ಟು ತೂರಿಸಿದರೂ ಹೊರಗೇ ಬರಲೊಲ್ಲದು. ತೋಳು ಅಂಗೈ ದಾಟಿ, ಬೆರಳು ದಾಟಿ, ಇನ್ನೂ ಒಂದು ಚೋಟು ಕೆಳಗೆ ಇಳಿದಿತ್ತು. ಅವಸರದಲ್ಲಿ ಎರಡು ಸುತ್ತು ಮಡಿಚಿದ. ಅಷ್ಟರಲ್ಲಿ ಮೈಕು ಅವನ ಹೆಸರು ಕೂಗಿತು. ಮೆಟ್ಟಿಲು ಹತ್ತುವಾಗ ಒಂದು ಮಡಿಕೆ ಬಿಚ್ಚಿತು, ವೇದಿಕೆಯ ನಡುವೆ ಇನ್ನೊಂದು.

ಜನರಲ್ ಮ್ಯಾನೇಜರ್ ಸಾಹೇಬರು ಕೈ ಕುಲುಕಲು ಕೈ ನೀಡಿದರು. ಅವರ ಕೈಗೆ ಸಿಕ್ಕಿದ್ದು ಬರೀ ಉಲ್ಲನ್. ಅವರು ಅದನ್ನೇ ಎರಡು ಸಲ ಕುಲುಕಿದರು, ಆಮೇಲೆ ಕೆಳಗೆ ನೋಡಿದರು.

"ಏನಪ್ಪಾ ಆಂಜಿನಪ್ಪ, ಕೈ ಎಲ್ಲಿ?" ಎಂದರು. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ಐನೂರು ಜನ ಒಟ್ಟಿಗೆ ನಕ್ಕರು. ಐದು ವರ್ಷ ಅವನಿಂದ ಕೆಂಪು ಬಳಿಸಿಕೊಂಡ ಲೇತಿನವರು ಬೆಂಚಿನ ಮೇಲೆ ಎದ್ದು ನಿಂತು ನಕ್ಕರು. ಸಾಹೇಬರೂ ನಗುತ್ತ ಕೇಳಿದರು: "ಯಾರು ಹಾಕಿದ್ದು ಈ ಸ್ವೆಟರ್?"

ಆಂಜಿನಪ್ಪ ಹೆಂಗಸರ ಸಾಲಿನ ಕಡೆ ನೋಡಿದ. ಅಶ್ವತ್ಥಮ್ಮ ಬೆಳಗಿನಿಂದ ಪಕ್ಕದವರಿಗೆಲ್ಲ ನಮ್ಮೋರು ವೇದಿಕೆ ಹತ್ತಿದಾಗ ಸ್ವೆಟರ್ ನೋಡಿ, ನಾನೇ ಹಾಕಿದ್ದು ಎಂದು ಹೇಳಿಕೊಂಡಿದ್ದಳು. ಈಗ ಆ ಪಕ್ಕದವರೆಲ್ಲ ಅವಳ ಕಡೆ ತಿರುಗಿದ್ದರು. ಅವಳು ತಲೆ ತಗ್ಗಿಸಿ ಗುಂಡನ ಶರಟಿನ ಗುಂಡಿ ಹಾಕುತ್ತಿದ್ದಳು, ಆಗಲೇ ಹಾಕಿದ್ದ ಗುಂಡಿಯನ್ನು. ನಮ್ಮನೆಯವಳು ಎಂದು ಒಂದೇ ಪದ ಹೇಳಿದರೆ ಅವನ ಮಾನ ಉಳಿಯುತ್ತಿತ್ತು. ಕೆಳಗಿದ್ದ ಯಾರೂ ಅವನನ್ನು ಮುಂದೆ ಏನೂ ಕೇಳುತ್ತಿರಲಿಲ್ಲ.

ಅವನು ಮೈಕಿನ ಹತ್ತಿರ ಬಾಯಿ ತಂದ. "ಸ್ವೆಟರೆಲ್ಲ ನಮ್ಮನೆಯವಳು ಹಾಕಿದ್ದು ಸಾರ್. ಆ ಕೆಲಸದಲ್ಲಿ ಒಂದು ತಪ್ಪಿಲ್ಲ. ಈ ಬಲತೋಳು ಒಂದು ಮಾತ್ರ ನಾನು ಹಾಕಿದ್ದು. ಇನ್‌ಸ್ಪೆಕ್ಷನ್ನೂ ನಾನೇ ಮಾಡಿ ಪಾಸ್ ಮಾಡಿದ್ದು."

ಆಮೇಲೆ ಎದ್ದ ನಗೆಗೆ ಗೇಟಿನ ಕಾವಲುಗಾರ ಒಳಗೆ ಓಡಿ ಬಂದ. ಗೋಡೆ ಗಡಿಯಾರವೊಂದನ್ನು ಆಂಜಿನಪ್ಪನ ತೋಳಿಗೆ ಒಪ್ಪಿಸಿದರು. ಅವನು ಅದನ್ನು ಅಪ್ಪಿಕೊಂಡು, ನೆಲ ನೋಡುತ್ತ ಕೆಳಗಿಳಿದ.

ಹೆಂಗಸರ ಸಾಲಿನಲ್ಲಿ ಒಂದು ಗುಂಪೇ ನೆರೆದಿತ್ತು. ನಡುವೆ ಅಶ್ವತ್ಥಮ್ಮ ಕತ್ತು ನೆಟ್ಟಗೆ ಮಾಡಿ ನಿಂತಿದ್ದಳು.

"ನಿಜವಾಗ್ಲೂ ಗಂಡಸರು ಹಾಕ್ತಾರೇನಮ್ಮಾ?" ಎಂದು ಯಾರೋ ಕೇಳಿದರು.

"ಮಿಕ್ಕೋರ ಮನೇದು ಗೊತ್ತಿಲ್ಲ. ನಮ್ಮೋರು ಹಾಕ್ತಾರೆ," ಎಂದಳು ಅಶ್ವತ್ಥಮ್ಮ.

ಗೇಟು ದಾಟಿದ ಮೇಲೆ ಆಂಜಿನಪ್ಪ ಮೆಲ್ಲಗೆ ಅಂದ: "ಸಾಯಂಕಾಲ ಇದನ್ನ ಬಿಚ್ಚಿ ನೀನೇ ಸರಿ ಮಾಡ್ಬಿಡು. ನಿನ್ನ ಅಳತೆಗೇ ಇರ್ಲಿ."

"ನಾನು ಮುಟ್ಟಲ್ಲ," ಎಂದಳು ಅವಳು.

"ಹಿಂಗೇ ಹಾಕ್ಕೊಂಡು ಓಡಾಡ್ಲಾ?"

"ಓಡಾಡಿ. ಐನೂರು ಜನರ ಮುಂದೆ ನನ್ನ ಕೆಲಸದಲ್ಲಿ ತಪ್ಪಿಲ್ಲ ಅಂದ್ರಿ. ಈ ತೋಳು ಬಿಚ್ಚಿದ್ರೆ ಆ ಮಾತಿಗೆ ಸಾಕ್ಷಿ ಏನಿದೆ ನನ್ಹತ್ರ?"

ಸೈಕಲ್ಲನ್ನು ಕಾರ್ಖಾನೆಯಲ್ಲೇ ಬಿಟ್ಟು ಎಲ್ಲರೂ ಒಟ್ಟಿಗೆ ಬಿಟಿಎಸ್ ಬಸ್ಸು ಹತ್ತಿದರು. ಆಂಜಿನಪ್ಪ ಗಡಿಯಾರವನ್ನು ತೊಡೆಯ ಮೇಲೆ, ಚಿನ್ನದ ಬಣ್ಣದಲ್ಲಿ ಅವನ ಹೆಸರು ಬರೆದ ಕಡೆಯನ್ನು ಮುಂದಕ್ಕೆ ಮಾಡಿ ಇಟ್ಟುಕೊಂಡು ಕೂತ. ಎದುರು ಸೀಟಿನ ಹೆಂಗಸು ಇಣುಕಿ ನೋಡಿದಳು. ಯಾಕೆ ಕೊಟ್ಟರು ಎಂದು ಕೇಳುತ್ತಾಳೆಂದು ಆಂಜಿನಪ್ಪ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅಶ್ವತ್ಥಮ್ಮ ಅವನ ಬಲತೋಳನ್ನು ಎತ್ತಿ ಹಿಡಿದು, ಯಾರೂ ಕೇಳದೆಯೇ, "ನಮ್ಮ ಯಜಮಾನ್ರೇ ಹಾಕಿದ್ದು," ಎಂದಳು. ಹಿಂದಿನ ಸೀಟಿನವರು ಬಗ್ಗಿ ನೋಡಿದರು. ಪಿಳ್ಳಮ್ಮ ಬಾಗಿಲ ಕಡೆಯವರಿಗೆ ಕೂಗಿ ಹೇಳಿದಳು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಬಂದು, ತೋಳನ್ನು ಎಳೆದು ನೋಡಿ, ತನ್ನ ಮನೆಯಲ್ಲಿ ಮಗು ಹುಟ್ಟುವುದಿದೆ, ಒಂದು ಟೋಪಿ ಆಗಬಹುದೇ ಸಾರ್ ಎಂದು ವಿಚಾರಿಸಿದ. ಆಗಬಹುದು ಎಂದು ಅಶ್ವತ್ಥಮ್ಮನೇ ಒಪ್ಪಿಕೊಂಡಳು.

ಚಿಕ್ಕಬಾಣಾವರ ಬರುವವರೆಗೂ ಗಡಿಯಾರದ ವಿಷಯ ಒಬ್ಬರೂ ಕೇಳಲಿಲ್ಲ.